ಸೋರದ ಹೌಜು

ಆಸ್ಟ್ರೇಲಿಯಾ ನನಗೆ ಕಲಿಸಿದ ಮೊದಲ ಪಾಠ ಉಗುಳುವುದು. ತಮಾಷೆಗೆ ಹೇಳುತ್ತಿಲ್ಲ. ಕೆಲಸಕ್ಕೆ ಸೇರಿದ ದಿನ ಬೆಳಿಗ್ಗೆ ಎಂಟಕ್ಕೆ ಆರಡಿ ಎತ್ತರದ ಬಿಳಿ ಮುದುಕನೊಬ್ಬ ನನ್ನ ಕೈಗೆ ಗಾಜಿನ ಲೋಟ ಕೊಟ್ಟ. ಅದರ ತಳದಲ್ಲಿ ನೇರಳೆಹಣ್ಣಿನ ಬಣ್ಣದ ವೈನು. ಬಾಯಿಗೆ ಹಾಕಿಕೋ, ಹೊರಳಿಸು, ನುಂಗಬೇಡ, ಈ ಬಕೀಟಿಗೆ ಉಗುಳು ಎಂದ. ನನಗೆ ತಿಳಿಯಲಿಲ್ಲ ಅಂದುಕೊಂಡು ತಾನೇ ಒಂದು ಗುಟುಕು ಬಾಯಿಗೆ ಹಾಕಿ, ಗಳಗಳ ಮಾಡಿ, ಪಿಚಕ್ಕನೆ ಉಗುಳಿಯೂ ತೋರಿಸಿದ. ಶಹಾಬಾದ ಸ್ಟೇಷನ್ನಿನಲ್ಲಿ ಎಲೆಅಡಿಕೆ ಜಗಿದು ಕಂಬದ ಬುಡಕ್ಕೆ ಉಗುಳುವವರನ್ನು ಕಂಡರೆ ಮುಖ ತಿರುಗಿಸುತ್ತಿದ್ದವಳು ನಾನು. ಇಲ್ಲಿ ನೋಡಿದರೆ ಉಗುಳುವುದೇ ಕೆಲಸ.

ಲೋಟವನ್ನು ಮೇಜಿನ ಮೇಲಿಟ್ಟೆ. ಇದನ್ನು ಅಳೆದು, ಪರೀಕ್ಷೆ ಮಾಡಿ ಎಷ್ಟು ಹುಳಿ ಎಷ್ಟು ಸಕ್ಕರೆ ಹೇಳುತ್ತೇನೆ, ಬಾಯಿಗೆ ಮಾತ್ರ ಹಾಕಿಕೊಳ್ಳುವುದಿಲ್ಲ ಎಂದು ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಮುದುಕ ಕನ್ನಡಕದ ಮೇಲಿಂದ ನನ್ನನ್ನು ದಿಟ್ಟಿಸಿದ. ಹೋಯಿತು, ಮೊದಲ ದಿನವೇ ಕೆಲಸ ಹೋಯಿತು ಅಂದುಕೊಂಡೆ. ಆಗಲಿ, ನಿನ್ನ ನಾಲಿಗೆ ನಿನ್ನದು ಎಂದು ಹೇಳಿ ಹೊರಟುಹೋದ. ಆತನ ಹೆಸರು ಹೆಲ್ಮಟ್. ಮುತ್ತಜ್ಜ ಜರ್ಮನಿಯಿಂದ ಹಡಗಿನಲ್ಲಿ ಬಂದು ಈ ಕಣಿವೆಯಲ್ಲಿ ದ್ರಾಕ್ಷಿ ನೆಟ್ಟಿದ್ದನಂತೆ. ಆ ಮುತ್ತಜ್ಜನ ಬಳ್ಳಿಯ ಹಣ್ಣನ್ನೇ ಮರಿಮಕ್ಕಳು ಇಂದಿಗೂ ತುಳಿದು ವೈನು ಮಾಡುತ್ತಾರೆ.

ಇಲ್ಲಿ ಸಿಗುವ ನಮ್ಮ ಕಡೆಯವರು ಕೇಳುತ್ತಾರೆ, ಶಹಾಬಾದಿನ ಗೌಂಡಿಯ ಮಗಳು ವೈನಿನ ಮನೆಗೆ ಹೇಗೆ ಹೋದಳು ಅಂತ. ಅಪ್ಪ ನೆಲಕ್ಕೆ ಫರಸಿ ಕಲ್ಲು ಹಾಸುವ, ಗಾರೆ ಕೆಲಸದ ಗೌಂಡಿ. ನಾನು ಗುಲಬರ್ಗಾದಲ್ಲಿ ಬಿ.ಎಸ್ಸಿ. ಮುಗಿಸಿ, ಎರಡು ವರ್ಷ ಸಿಮೆಂಟ್ ಕಾರ್ಖಾನೆಯೊಂದರ ಪ್ರಯೋಗಶಾಲೆಯಲ್ಲಿ ಸುಣ್ಣದ ಕಲ್ಲು ಪರೀಕ್ಷೆ ಮಾಡುತ್ತಿದ್ದೆ. ಮದುವೆಯಾದದ್ದು ವಾಡಿಯ ಫಿಟ್ಟರ್ ಮಲ್ಲಣ್ಣನನ್ನು. ಮೊದಲೇ ಇಲ್ಲಿಗೆ ಬಂದಿದ್ದ ಆತನ ಹಳೆಯ ಮೇಲಧಿಕಾರಿಯೊಬ್ಬರು ಕಾಗದ ಬರೆದು ಕರೆಸಿಕೊಂಡರು. ಅಡಿಲೇಡ್ ಪಟ್ಟಣದಿಂದ ಒಂದೂವರೆ ತಾಸಿನ ದಾರಿ ಈ ಕಣಿವೆ. ಇದರ ಒಂದು ಮಗ್ಗುಲಿಗೆ ಸಿಮೆಂಟ್ ಕಾರ್ಖಾನೆ, ಉಳಿದ ಮೂರು ಕಡೆ ದ್ರಾಕ್ಷಿ. ಬಂದ ಮರುದಿನ ಬೆಳಿಗ್ಗೆ ಕಾರ್ಖಾನೆಯ ಭೋಂಗಾ ಊದಿದಾಗ ನಾನು ಗಡಬಡಿಸಿ ಎದ್ದು, ಇವರಿಗೆ ಡ್ಯೂಟಿಗೆ ಹೊತ್ತಾಯಿತೆಂದು ಚಹಾಕ್ಕೆ ಇಟ್ಟೆ. ಕಿಟಕಿಯ ಹೊರಗೆ ನೋಡಿದಾಗ ಗುಡ್ಡದ ತನಕ ಸಾಲು ಸಾಲು ಬಳ್ಳಿ. ಒಂದು ಕ್ಷಣ ನಾನೆಲ್ಲಿದ್ದೇನೆ ಎಂಬುದೇ ಹೊಳೆಯಲಿಲ್ಲ.

ನಾವಿದ್ದ ಮನೆ ಹೆಲ್ಮಟ್‌ನದೇ. ವೈನಿನ ಅಂಗಳದ ಮೂಲೆಯಲ್ಲಿ ಆಳುಗಳಿಗೆಂದು ಕಟ್ಟಿದ ಎರಡು ಕೋಣೆಯ ಕಲ್ಲಿನ ಮನೆ. ಆತನ ಪ್ರಯೋಗಶಾಲೆಗೆ ಪರೀಕ್ಷೆ ಮಾಡುವವರು ಬೇಕಾಗಿದ್ದರು, ನನ್ನನ್ನು ಸೇರಿಸಿಕೊಂಡ; ನಾನು ಅಲ್ಲಿ ಕೆಲಸ ಮಾಡುವವರೆಗೆ ಆ ಮನೆ ನಮ್ಮದು. ಗೋಡೆ ಸುಣ್ಣದ ಕಲ್ಲಿನದು, ಮುಟ್ಟಿದರೆ ನಮ್ಮೂರಿನಂತೆಯೇ ತಣ್ಣಗೆ. ನೆಲ ಮಾತ್ರ ಹಲಗೆಯದು. ನಡೆದರೆ ಢಬಢಬ ಸಪ್ಪಳ, ಯಾರೋ ಹಿಂದೆ ಬಂದಂತೆ. ನಮ್ಮಲ್ಲಿ ಬೇಸಿಗೆ ಅಂದರೆ ಮಧ್ಯಾಹ್ನ ಫರಸಿಗೆ ನೀರು ಚಿಮುಕಿಸಿ ಅದರ ಮೇಲೆ ಅಂಗಾತ ಮಲಗುವುದು. ಇಲ್ಲಿ ಜನವರಿಯ ಬಿಸಿಲು ನಮ್ಮ ಮೇ ತಿಂಗಳಿನಷ್ಟೇ ಸುಡುತ್ತದೆ, ಮಲಗಲು ನೆಲವಿಲ್ಲ. ಮೊದಲ ವರ್ಷ ನಾನು ಅತ್ತದ್ದು ಅಪ್ಪ ಅವ್ವನಿಗಾಗಿ ಎಂದು ಎಲ್ಲರಿಗೂ ಹೇಳುತ್ತಿದ್ದೆ. ಅರ್ಧ ಅಳು ಆ ನೆಲಕ್ಕಾಗಿ.

ಜೋಳ ಸಿಕ್ಕದ್ದು ಒಂದು ದೊಡ್ಡ ಗೆಲುವು. ಆರು ತಿಂಗಳು ಮೈದಾ ತಿಂದು ಹೊಟ್ಟೆ ಕಲ್ಲಾಗಿತ್ತು. ಒಂದು ದಿನ ಹೆಲ್ಮಟ್‌ನ ಹೆಂಡತಿ ಎಲ್ಸಾ ಕೋಳಿಕಾಳು ತರಲು ಹೊರಟವಳು ನನ್ನನ್ನೂ ಕರೆದುಕೊಂಡು ಹೋದಳು. ಅಂಗಡಿಯಲ್ಲಿ ಚೀಲದ ಬಾಯಿ ತೆರೆದಿತ್ತು. ಕೈ ಹಾಕಿ ನೋಡುತ್ತೇನೆ, ಜೋಳ! ಕೆಂಪು ಜೋಳ, ಆದರೂ ಜೋಳವೇ. ನಿನಗೆ ಕೋಳಿಗಳಿಲ್ಲವಲ್ಲ ಎಂದು ಎಲ್ಸಾ ಕೇಳಿದಳು. ನಾನೇ ಕೋಳಿ ಎಂದೆ. ಭಾನುವಾರ ಅವಳ ಅಡುಗೆಮನೆಯಲ್ಲೇ ರೊಟ್ಟಿ ಬಡಿದೆ. ಆ ಸಪ್ಪಳಕ್ಕೆ ಹೆಲ್ಮಟ್ ಓಡಿಬಂದ. ಅಂದಿನಿಂದ ಹತ್ತು ಗಂಟೆಯ ಚಹಾದ ಬಿಡುವಿನಲ್ಲಿ, ಇಲ್ಲಿನವರು ಅದಕ್ಕೆ ಸ್ಮೋಕೋ ಎನ್ನುತ್ತಾರೆ, ಮುದುಕ ನನ್ನ ಡಬ್ಬಿಯಿಂದ ಒಂದು ತುಂಡು ರೊಟ್ಟಿ ಮುರಿದುಕೊಳ್ಳದೆ ಬಿಡುತ್ತಿರಲಿಲ್ಲ.

ಊರಿಗೆ ಮಾತ್ರ ನಾನು ನಿಜ ಬರೆದಿರಲಿಲ್ಲ. ನಮ್ಮ ಚಿಕ್ಕಪ್ಪ ಸೇಡಂ ಕಡೆ ಕೆಲಸಕ್ಕೆ ಹೋದಾಗ ಶೇಂದಿ ಕುಡಿಯಲು ಕಲಿತು, ಆಮೇಲೆ ಶೆರೆಗಿಳಿದು, ಗಾರೆ ಸವರುವ ಥಾಪಿ ಹಿಡಿದರೆ ಕೈ ನಡುಗುವ ಹಾಗಾಗಿ ಹಾಳಾದವನು. ಶೆರೆಯ ಹೆಸರೆತ್ತಿದರೆ ಅವ್ವ ಎದ್ದು ಒಳಗೆ ಹೋಗುತ್ತಾಳೆ. ಅಂಥ ಮನೆಗೆ ವೈನು ಎಂದು ಬರೆಯುವುದು ಹೇಗೆ? ಹಣ್ಣಿನ ರಸದ ಕಾರ್ಖಾನೆಯಲ್ಲಿ ಕೆಲಸ ಎಂದು ಬರೆದೆ. ಪೂರ್ತಿ ಸುಳ್ಳೇನೂ ಅಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನು ನಡೆದದ್ದನ್ನು ಹೇಳುತ್ತೇನೆ. ಇದನ್ನು ಬರೆಯಲು ಕೂತದ್ದೇ ಅದಕ್ಕಾಗಿ.

ಆ ವರ್ಷಗಳಲ್ಲಿ ಕಣಿವೆಗೆ ಗ್ರಹಚಾರ ಹಿಡಿದಿತ್ತು. ಕೆಂಪು ವೈನು ಯಾರಿಗೂ ಬೇಡವಾಗಿತ್ತು. ದ್ರಾಕ್ಷಿ ಗಿಡದಲ್ಲೇ ಒಣಗುತ್ತಿತ್ತು. ಕೊನೆಗೆ ಸರ್ಕಾರವೇ ಬಳ್ಳಿ ಕಿತ್ತುಹಾಕಿದವರಿಗೆ ಪರಿಹಾರ ಕೊಡುತ್ತೇನೆಂದಿತು. ನಮ್ಮಲ್ಲಿ ಗಿಡ ನೆಟ್ಟರೆ ಸರ್ಕಾರ ಸಹಾಯ ಮಾಡುತ್ತದೆ, ಇಲ್ಲಿ ಕಿತ್ತರೆ! ಪಕ್ಕದ ಹೊಲದವರು ಒಬ್ಬೊಬ್ಬರೇ ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ನೂರು ವರ್ಷದ ಬಳ್ಳಿಗಳನ್ನು ಬೇರುಸಮೇತ ಎಳೆದುಹಾಕಿದರು. ಹೆಲ್ಮಟ್‌ನ ಮೂರು ಹೊಲಗಳಲ್ಲಿ ಶಿರಾಜ್ ಎಂಬ ಕಪ್ಪುದ್ರಾಕ್ಷಿಯ ಮುತ್ತಜ್ಜನ ಕಾಲದ ಬಳ್ಳಿಗಳಿದ್ದವು. ಗುಡ್ಡದ ಹೊಲ, ಚರ್ಚಿನ ಹೊಲ, ಹಿತ್ತಲ ಹೊಲ. ಹಿತ್ತಲ ಹೊಲ ಶುರುವಾಗುತ್ತಿದ್ದದ್ದೇ ನಮ್ಮ ಅಡುಗೆಮನೆಯ ಕಿಟಕಿಯಿಂದ. ಸೊಂಟದೆತ್ತರ, ತೊಡೆಯಷ್ಟು ದಪ್ಪ, ಕರ್ರಗೆ ತಿರುಚಿಕೊಂಡು ನಿಂತ ಬಳ್ಳಿಗಳು. ಮುದಿಯರ ಸಭೆಯೊಂದು ಕಿಟಕಿಗೆ ಬಂದು ಕೂತಂತೆ. ಮಾತಿಗೆ ಯಾರೂ ಇಲ್ಲದ ದಿನ ನಾನು ಪಾತ್ರೆ ತೊಳೆಯುತ್ತ ಅವುಗಳ ಜೊತೆ ಕನ್ನಡ ಮಾತಾಡುತ್ತಿದ್ದೆ. ಯಾರಾದರೂ ನೋಡಿದ್ದರೆ ಹುಚ್ಚಿ ಅನ್ನುತ್ತಿದ್ದರು.

ಬಳ್ಳಿ ಕೀಳುವ ಅರ್ಜಿ ಹೆಲ್ಮಟ್‌ನ ಮೇಜಿನ ಖಾನೆಯಲ್ಲೂ ಇತ್ತು. ಸಹಿ ಹಾಕಿರಲಿಲ್ಲ. ಫೆಬ್ರವರಿಯಲ್ಲಿ ಆತ ಕೊನೆಯ ಪ್ರಯತ್ನವೆಂದು ತನ್ನ ಹಳೆಯ ವೈನಿನ ಆರು ಸೀಸೆಗಳನ್ನು ಎಲ್ಸಾಳ ಸ್ವೆಟರುಗಳಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿಕೊಂಡು ಲಂಡನ್ನಿಗೆ ಹೋದ. ಅಲ್ಲಿಯವರು ಆಸ್ಟ್ರೇಲಿಯಾದ ವೈನೆಂದರೆ ಪ್ಲಾಂಕ್ ಎಂದು ನಗುತ್ತಿದ್ದರು. ಕಳಪೆ ವೈನಿಗೆ ಈ ಜನ ಇಟ್ಟ ಹೆಸರದು. ಹೊರಡುವ ಮುನ್ನ ಮುದುಕ ಒಂದೇ ಚಿಂತೆ ತೋಡಿಕೊಂಡಿದ್ದ. ಒಂದು ವೇಳೆ ಮೂರೂ ಹೊಲದ ವೈನನ್ನು ಅವರು ಒಪ್ಪಿದರೆ ತುಂಬಿಡಲು ತೊಟ್ಟಿ ಎಲ್ಲಿದೆ? ಖಾಲಿ ಇದ್ದವು ಎರಡೇ, ಉಳಿದವುಗಳಲ್ಲಿ ಮಾರಾಟವಾಗದ ವೈನು; ಏಳನೆಯ ತೊಟ್ಟಿ ಬಿರುಕು ಬಿಟ್ಟು ವರ್ಷಗಳಾಗಿತ್ತು.

ಅಲ್ಲಿನ ವೈನಿನ ತೊಟ್ಟಿಗಳು ಸಿಮೆಂಟಿನವು, ಆಳೆತ್ತರ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ. ನಮ್ಮ ಕಡೆ ಹೌಜು ಎನ್ನುವ ನೀರಿನ ತೊಟ್ಟಿಯ ಅಣ್ಣ ಎನ್ನಬಹುದು. ನಾನು ಟಾರ್ಚು ಹಿಡಿದು ಏಳನೆಯದರೊಳಗೆ ಇಳಿದು ನೋಡಿದೆ. ಒಂದೇ ಬಿರುಕು, ಮೂಲೆಯಿಂದ ಮೂಲೆಗೆ. ನನಗೆ ನಗು ಬಂತು. ಇಷ್ಟಕ್ಕೆ ಇವರು ತೊಟ್ಟಿಯನ್ನೇ ಬಿಟ್ಟಿದ್ದಾರಾ? ಹತ್ತು ವರ್ಷದವಳಿದ್ದಾಗಿನಿಂದ ಅಪ್ಪನಿಗೆ ಸಿಮೆಂಟು ಕಲಸಿ ಕೊಟ್ಟವಳು ನಾನು. ಹೌಜಿನ ಒಳಮೂಲೆಗೆ ಅಪ್ಪನ ದೊಡ್ಡ ಕೈ ಹೋಗದ ಕಡೆ ನನ್ನನ್ನೇ ಇಳಿಸುತ್ತಿದ್ದ. ಶಹಾಬಾದ ಅಷ್ಟೇ ಅಲ್ಲ, ಚಿತ್ತಾಪುರದಿಂದ ಕಾಳಗಿಯ ತನಕ ಅಪ್ಪ ಕಟ್ಟಿದ ಹೌಜು ಸೋರಿದ್ದಿಲ್ಲ.

ಮಲ್ಲಣ್ಣನಿಂದ ಎರಡು ಚೀಲ ಸಿಮೆಂಟು ತರಿಸಿದೆ. ಶನಿವಾರ ಭಾನುವಾರ ಒಳಗಿಳಿದು, ಬಿರುಕು ಕೆತ್ತಿ, ತುಂಬಿ, ಇಡೀ ತೊಟ್ಟಿಗೆ ಹೊಸ ಗಿಲಾವು ಮಾಡಿದೆ. ಕೊನೆಗೆ ನೀರಾದ ಸಿಮೆಂಟನ್ನು ಸವರಿ, ಹದ ನೋಡಿ, ಥಾಪಿಯ ಬೆನ್ನಿನಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದೆ. ಭುಜ ಬಿದ್ದುಹೋಯಿತು. ಕನ್ನಡಿ ಹಾಗೆ ಹೊಳೆಯಬೇಕು, ಆಗ ಹನಿ ನೀರೂ ಹೊರಗೆ ಹೋಗದು ಎಂದು ಅಪ್ಪ ಹೇಳುತ್ತಿದ್ದ. ದಿನಾ ನೀರು ಹಾಕಿ ನೆನೆಸಿದೆ. ಎಲ್ಲ ಮುಗಿದ ಮೇಲೆ ನಮ್ಮ ಪದ್ಧತಿಯಂತೆ ತೊಟ್ಟಿಯ ಬಾಯಿಗೆ ಅರಿಷಿಣ ಕುಂಕುಮ ಹಚ್ಚಿ ಕಾಯಿ ಒಡೆದೆ. ಬಂದಮೇಲೆ ನನ್ನ ಕೈಯಿಂದ ನಾನು ಮಾಡಿದ ಮೊದಲ ಕೆಲಸವದು. ಅಷ್ಟು ಸಂತೋಷ ಈ ದೇಶದಲ್ಲಿ ನನಗೆ ಅಲ್ಲಿಯವರೆಗೆ ಆಗಿರಲಿಲ್ಲ.

ಹೆಲ್ಮಟ್ ಗೆದ್ದುಕೊಂಡು ಬಂದ. ಲಂಡನ್ನಿನ ವ್ಯಾಪಾರಿಯೊಬ್ಬ ಮೂರೂ ಹೊಲದ ಹೊಸ ವೈನು ಕೊಳ್ಳಲು ಒಪ್ಪಿದ್ದ. ಎಲ್ಸಾ ನನ್ನನ್ನು ಅಪ್ಪಿಕೊಂಡು ಅತ್ತಳು. ನಾನು ಮುದುಕನನ್ನು ಏಳನೆಯ ತೊಟ್ಟಿಗೆ ಕರೆದುಕೊಂಡು ಹೋದೆ. ಆತ ತೊಟ್ಟಿಯ ಬಾಯಿಂದ ಬಗ್ಗಿ ಟಾರ್ಚಿನ ಬೆಳಕು ಬಿಟ್ಟ. ಒಳಗೆಲ್ಲ ಥಳಥಳ. ಎಷ್ಟು ಚೆಂದ ಮಾಡಿದ್ದೀ, ನಾನು ಮಾಡಿದ್ದರೂ ಇಷ್ಟು ಹೊಳೆಯುತ್ತಿರಲಿಲ್ಲ ಎಂದು ನನ್ನ ಬೆನ್ನು ತಟ್ಟಿದ. ನಾನು ಬೀಗಿದೆ. ಸಿಮೆಂಟಿನ ತೊಟ್ಟಿಗೆ ಒಳಗೆ ಮೇಣ ಹಚ್ಚಿಯೇ ವೈನು ತುಂಬುವುದು ಅಲ್ಲಿಯ ಪದ್ಧತಿ. ಆತನ ಕಣ್ಣಿಗೆ ಹೊಳಪೆಂದರೆ ಮೇಣ. ನನ್ನ ಕಣ್ಣಿಗೆ ಹೊಳಪೆಂದರೆ ಥಾಪಿ. ಮೇಣ ಹಚ್ಚಿದೆಯಾ ಎಂದು ಆತ ಕೇಳಲಿಲ್ಲ, ಹಚ್ಚಬೇಕೆಂದು ನನಗೆ ಗೊತ್ತಿರಲಿಲ್ಲ. ಏಪ್ರಿಲಿನಲ್ಲಿ ಹಿತ್ತಲ ಹೊಲದ ವೈನು ಏಳನೆಯ ತೊಟ್ಟಿಗೆ ಹೋಯಿತು.

ಹುಳಿ ಸುಣ್ಣ ಕೂಡಿದರೆ ಏನಾಗುತ್ತದೆ ಎಂದು ಬಿ.ಎಸ್ಸಿ. ಓದಿದವಳಿಗೆ ತಿಳಿಯದೆ ಹೋಯಿತಾ ಎಂದು ನೀವು ಕೇಳುವಿರಿ. ನನ್ನನ್ನು ನಾನು ಸಾವಿರ ಸಲ ಕೇಳಿಕೊಂಡಿದ್ದೇನೆ. ಪ್ರಯೋಗಶಾಲೆಯಲ್ಲಿ ನಿಂತಾಗ ನಾನು ಬಿ.ಎಸ್ಸಿ. ಥಾಪಿ ಹಿಡಿದಾಗ ನಾನು ಅಪ್ಪನ ಮಗಳು. ಇಬ್ಬರೂ ಆ ಎರಡು ದಿನ ಒಬ್ಬರನ್ನೊಬ್ಬರು ಭೇಟಿಯೇ ಆಗಲಿಲ್ಲ.

ಚಳಿಗಾಲ ಕಳೆಯುತ್ತ ಬಂತು. ಏಳನೆಯ ತೊಟ್ಟಿಯ ಹುಳಿ ಪ್ರತಿ ವಾರ ಸ್ವಲ್ಪ ಸ್ವಲ್ಪ ಇಳಿಯುತ್ತಿತ್ತು. ಹೊಸ ವೈನಿನಲ್ಲಿ ಹಾಗಾಗುವುದುಂಟು ಎಂದು ಹೆಲ್ಮಟ್ ತಲೆಕೆಡಿಸಿಕೊಳ್ಳಲಿಲ್ಲ. ಲಂಡನ್ನಿನಿಂದ ಬಂದಮೇಲೆ ಆತನಿಗೆ ನೆಗಡಿ ಹಿಡಿದು, ಅದು ಎದೆಗಿಳಿದು, ಮೂಗಿಗೆ ವಾಸನೆಯೇ ಸರಿಯಾಗಿ ತಿಳಿಯುತ್ತಿರಲಿಲ್ಲ. ಸೆಪ್ಟೆಂಬರಿನಲ್ಲಿ ಸೀಸೆ ತುಂಬುವ ದಿನ ಗೊತ್ತಾಯಿತು. ಬರುವ ಗುರುವಾರ. ಲಂಡನ್ನಿನ ವ್ಯಾಪಾರಿಯ ಮನುಷ್ಯ ಬೇರೆ ವ್ಯಾಪಾರಕ್ಕೆಂದು ಅಡಿಲೇಡಿಗೆ ಬಂದು ಇಳಿದಿದ್ದ, ಬುಧವಾರ ಬೆಳಗಿನ ವಿಮಾನಕ್ಕೆ ಹೊರಡುವವನಿದ್ದ.

ಸೋಮವಾರ ಸಂಜೆ ಮನೆಯಲ್ಲಿ ಸಾರಿಗೆ ಹುಣಸೆಹಣ್ಣು ಕಿವುಚುತ್ತಿದ್ದೆ. ಒಂದು ಹನಿ ಬಾಗಿಲ ಹೊಸ್ತಿಲ ಕಲ್ಲಿನ ಮೇಲೆ ಬಿತ್ತು. ಒರೆಸಿದೆ, ಬೆಳ್ಳಗಿನ ಕಲೆ ಉಳಿಯಿತು. ಫರಸಿ ಮೇಲೆ ಹುಣಸೆ ಚೆಲ್ಲಿದರೆ ಅವ್ವ ಬಯ್ಯುತ್ತಿದ್ದದ್ದು ನೆನಪಾಯಿತು, ಹುಳಿ ಕಲ್ಲನ್ನು ತಿಂತದ, ಕಲೆ ಸಾಯೋತನಕಾ ಹೋಗಂಗಿಲ್ಲ ಅಂತ. ಕೈ ಅಲ್ಲೇ ನಿಂತಿತು. ಹುಳಿ ಕಲ್ಲನ್ನು ತಿನ್ನುತ್ತದೆ. ಕಲ್ಲು ಹುಳಿಯನ್ನು ತಿನ್ನುತ್ತದೆ. ಒಲೆ ಆರಿಸಿ ಪ್ರಯೋಗಶಾಲೆಗೆ ಓಡಿದೆ.

ವೈನಿನಲ್ಲಿ ಸುಣ್ಣ ಎಷ್ಟಿದೆ ಎಂದು ಅಲ್ಲಿ ಯಾರೂ ನೋಡುವುದಿಲ್ಲ. ನಾನು ಕಾರ್ಖಾನೆಯಲ್ಲಿ ದಿನಕ್ಕೆ ಇಪ್ಪತ್ತು ಸಲ ಅದನ್ನೇ ನೋಡಿದವಳು. ಮೂರು ಹೊಲದ ವೈನಿನ ಮೂರು ಗಾಜಿನ ನಳಿಗೆಗಳಿಗೆ, ಸುಣ್ಣವಿದ್ದರೆ ಕದಡಿಸಿ ತೋರಿಸುವ ಆಕ್ಸಲೇಟಿನ ಹನಿ ಬಿಟ್ಟೆ. ಎರಡು ಹೆಚ್ಚುಕಡಿಮೆ ಹಾಗೇ ಇದ್ದವು. ಮೂರನೆಯದು ಮಜ್ಜಿಗೆ ಬಿದ್ದಂತೆ ಕದಡಿತು. ನಂಬಲಾರದೆ, ಅಂದು ಮೊದಲ ಸಲ ವೈನನ್ನು ಬಾಯಿಗೆ ಹಾಕಿಕೊಂಡೆ. ಮೊದಲು ಗುಡ್ಡದ ಹೊಲದ್ದು. ನಾಲಿಗೆ ಚುರುಕ್ಕೆಂದಿತು. ಆಮೇಲೆ ಏಳನೆಯ ತೊಟ್ಟಿಯದು. ಹುಣಸೆ ಹಾಕದ ಸಾರಿನಂತೆ ಸಪ್ಪಗೆ. ಬಕೀಟಿಗೆ ಉಗುಳಿದೆ.

ಇದರ ಅರ್ಥ ಏನೆಂದು ಹೇಳಿಬಿಡುತ್ತೇನೆ. ಹಾಗೆ ಸುಣ್ಣ ಸೇರಿದ ವೈನು ಸೀಸೆಯಲ್ಲಿ ಮೊದಲು ಚೆನ್ನಾಗಿಯೇ ಕಾಣುತ್ತದೆ. ತಿಂಗಳುಗಳಾದ ಮೇಲೆ ತಳದಲ್ಲಿ ಗಾಜಿನ ಪುಡಿಯಂಥ ಬಿಳಿ ಹರಳು ಕೂಡುತ್ತದೆ. ಅಷ್ಟರಲ್ಲಿ ಸೀಸೆ ಲಂಡನ್ನಿನ ಮನೆಗಳಲ್ಲಿ ಊಟದ ಮೇಜಿನ ಮೇಲಿರುತ್ತದೆ. ನೋಡಿದವರು ಗಾಜು ಎಂದೇ ಹೌಹಾರುತ್ತಾರೆ. ಆಮೇಲೆ ಹೆಲ್ಮಟ್‌ನ ಹೆಸರಿನ ಸೀಸೆಯನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಮೂರೂ ಹೊಲ ಹೋಗುತ್ತವೆ.

ಮಲ್ಲಣ್ಣ ಡ್ಯೂಟಿ ಮುಗಿಸಿ ಬಂದ ಕೂಡಲೇ ಎಲ್ಲ ಹೇಳಿದೆ. ಆತ ಬೂಟು ಬಿಚ್ಚುವುದನ್ನೂ ಮರೆತು ಕೂತ.

"ಈ ಮಾತು ಮತ್ಯಾರಿಗಿ ಗೊತ್ತದ?"

"ಯಾರಿಗೂ ಇಲ್ರಿ. ನನಗ, ನಿಮಗ."

"ಹಂಗಾದ್ರ ಸುಮ್ನಿರು. ಹರಳು ಕೂಡ್ತದೋ ಇಲ್ಲೋ ಯಾರು ಕಂಡಾರ? ನೀ ಹೇಳಿದಿ ಅಂದ್ರ ನಾಳಿಗೇ ಮನಿ ಖಾಲಿ ಮಾಡಬೇಕಾಗ್ತದ. ಎಲ್ಲಿ ಹೋಗೂದು? ವಾಡಿಗಿ ಹೊಳ್ಳಿ ಹೋಗಿ ಏನಂತ ಹೇಳೂದು?"

ಆತ ಕೆಟ್ಟವನಲ್ಲ. ಹೆದರಿದ್ದ. ನಾನೂ ಹೆದರಿದ್ದೆ, ಅದಕ್ಕೇ ಆತನ ಮಾತು ನನಗೆ ಹಿತವಾಗಿ ಕೇಳಿಸಿತು. ಮಂಗಳವಾರ ಕೆಲಸಕ್ಕೆ ಹೋದೆ. ಹೆಲ್ಮಟ್ ಹೊಸ ಲೇಬಲ್ಲುಗಳನ್ನು ತೋರಿಸಿದ, ಮೂರು ಹೊಲಕ್ಕೆ ಮೂರು ಬಣ್ಣ. ಸ್ಮೋಕೋದಲ್ಲಿ ರೊಟ್ಟಿ ಮುರಿದುಕೊಂಡು, ನಿನ್ನ ತೊಟ್ಟಿ ಇಲ್ಲದಿದ್ದರೆ ಇದೆಲ್ಲ ಆಗುತ್ತಿರಲಿಲ್ಲ ಎಂದ. ನಾನು ಡಬ್ಬಿಯ ಮುಚ್ಚಳ ಹಾಕಿದೆ. ಹೇಳಬೇಕೆಂದು ಮೂರು ಸಲ ಆತನ ಕೋಣೆಯ ಬಾಗಿಲ ತನಕ ಹೋದೆ. ಮೂರು ಸಲವೂ ಹೊಳ್ಳಿ ಬಂದೆ. ಹೊರಗೆ ಹಿತ್ತಲ ಹೊಲದ ಬಳ್ಳಿಗಳು ಚಿಗುರೊಡೆಯುತ್ತಿದ್ದವು. ಅವುಗಳ ಮುಖ ನೋಡಲಾಗದೆ ಅಡುಗೆಮನೆಯ ಪರದೆ ಎಳೆದೆ. ಬುಧವಾರವೂ ಹಾಗೆಯೇ ಕಳೆಯಿತು. ಕೈ ನಳಿಗೆಗಳ ಮೇಲೆ, ಜೀವ ಮಾತ್ರ ಗಡಿಯಾರದ ಮುಳ್ಳಿನ ಮೇಲೆ.

ಗುರುವಾರ ಬೆಳಿಗ್ಗೆ ಏಳಕ್ಕೆ ಸೀಸೆಗಳ ಲಾರಿ ಅಂಗಳಕ್ಕೆ ಬಂದು ನಿಂತಿತು. ಖಾಲಿ ಸೀಸೆಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಸಪ್ಪಳ ನನ್ನಿಂದ ತಡೆಯಲಾಗಲಿಲ್ಲ. ಕದಡಿದ ನಳಿಗೆ ಹಿಡಿದುಕೊಂಡು ಹೋಗಿ ಹೆಲ್ಮಟ್‌ನ ಮುಂದಿಟ್ಟೆ.

"ಏಳನೆಯ ತೊಟ್ಟಿಗೆ ನಾನು ಮೇಣ ಹಚ್ಚಿಲ್ಲ," ಎಂದೆ.

"ಹೊಳೆಯುತ್ತಿತ್ತು," ಎಂದ ಆತ.

"ಅದು ಥಾಪಿಯ ಹೊಳಪು. ನನ್ನ ತಂದೆ ಕಲಿಸಿದ್ದು. ಒಳಗಿರುವುದು ಬರೀ ಸಿಮೆಂಟು."

ಮುದುಕ ನಳಿಗೆ ಎತ್ತಿ ಬೆಳಕಿಗೆ ಹಿಡಿದ. ಮುಖದ ಬಣ್ಣ ಇಳಿಯಿತು. ಬಯ್ಯುತ್ತಾನೆಂದು ಕಾದೆ. ಬಯ್ಯಲಿಲ್ಲ. ನಿನಗೆ ಯಾವಾಗ ಗೊತ್ತಾಯಿತು ಎಂದು ಕೇಳಿದ. ಸೋಮವಾರ ಸಂಜೆ ಎಂದೆ.

"ಸೋಮವಾರ," ಎಂದ. ಗಡಿಯಾರ ನೋಡಿದ. "ಆ ಮನುಷ್ಯ ನಿನ್ನೆ ಬೆಳಿಗ್ಗೆ ತನಕ ಅಡಿಲೇಡಿನಲ್ಲಿದ್ದ, ಶಾಂತಾ. ಹಳೆಯ ವೈನಿನ ಪೀಪಾಯಿಗಳನ್ನು ತೆರೆದು ರುಚಿ ತೋರಿಸಿದ್ದರೆ ಇದರ ಬದಲು ಅದನ್ನು ಒಪ್ಪುತ್ತಿದ್ದ."

ಆ ಎರಡು ದಿನ. ತೊಟ್ಟಿಯದು ತಿಳಿಯದೆ ಮಾಡಿದ ತಪ್ಪು. ಈ ಎರಡು ದಿನದ್ದು ತಿಳಿದೂ ತಿಳಿದೂ ಮಾಡಿದ್ದು. ಲಂಡನ್ನಿಗೆ ಫೋನು ಹೋಯಿತು, ತಂತಿ ಹೋಯಿತು. ಬದಲಿ ವೈನನ್ನು ರುಚಿ ನೋಡದೆ ಅವರು ಒಪ್ಪಲಿಲ್ಲ. ಎರಡು ತೊಟ್ಟಿ ಮಾತ್ರ ಕಳಿಸಿ ಎಂದರು. ಎರಡು ಹೊಲ ಉಳಿದವು. ಅವರು ಎರಡೇ ಹೊಲಕ್ಕೆ ಇಳಿದ ಮೇಲೆ ಹಿತ್ತಲ ಹೊಲದ ಮುಂದಿನ ಬೆಳೆಗೆ ಕೊಳ್ಳುವವರಿಲ್ಲ. ಸರ್ಕಾರದ ಅರ್ಜಿಗೆ ಅದೇ ಕೊನೆಯ ವರ್ಷ. ಖಾನೆಯಲ್ಲಿದ್ದ ಕಾಗದಕ್ಕೆ ಹೆಲ್ಮಟ್ ಒಂದು ಹೊಲದ ಮಟ್ಟಿಗೆ ಸಹಿ ಹಾಕಿದ.

ಟ್ರ್ಯಾಕ್ಟರು ಬಂದ ದಿನ ಮಲ್ಲಣ್ಣ ರಜೆ ಹಾಕಿದ. ಯಾರೂ ಕರೆದಿರಲಿಲ್ಲ, ತಾನಾಗಿಯೇ ಹೋಗಿ ಕಿತ್ತ ಬಳ್ಳಿಗಳನ್ನು ಎಳೆದು ಒಟ್ಟಿದ. ನಾನು ಪರದೆ ಸರಿಸಿ ನಿಂತು ಪ್ರತಿಯೊಂದನ್ನೂ ನೋಡಿದೆ. ನೋಡಲೇಬೇಕೆಂದು ನನಗೆ ನಾನೇ ಹಾಕಿಕೊಂಡ ಶಿಕ್ಷೆ. ಸರಪಳಿ ಬಿಗಿದಾಗ ಬಳ್ಳಿ ಒಮ್ಮೆಲೇ ಬರುವುದಿಲ್ಲ. ಹಿಡಿದುಕೊಳ್ಳುತ್ತದೆ, ಆಮೇಲೆ ಒಳಗೆಲ್ಲೋ ಪಟಪಟನೆ ಹರಿದು ಹೊರಗೆ ಬರುತ್ತದೆ. ಬೇರಿನ ತುದಿಗೆ ಸುಣ್ಣದ ಕಲ್ಲಿನ ಚೂರುಗಳು ಅಂಟಿಕೊಂಡಿದ್ದವು. ನಮ್ಮ ಶಹಾಬಾದಿನ ಗಣಿಯಲ್ಲಿ ಸಿಗುವಂಥದ್ದೇ ಬೂದು ಚೂರುಗಳು. ಸಂಜೆ ಎಲ್ಸಾ ಬಂದು ನನ್ನ ಪಕ್ಕ ಕೂತು ಹೋದಳು.

ಮನೆ ಬಿಡಿ ಎಂದು ಅವರು ಹೇಳಲಿಲ್ಲ. ಕೆಲಸವೂ ಹೋಗಲಿಲ್ಲ. ಏಳನೆಯ ತೊಟ್ಟಿಯನ್ನು ಹುಳಿನೀರಿನಿಂದ ತೊಳೆದು ಮೇಣ ಹಚ್ಚುವುದನ್ನು ಹೆಲ್ಮಟ್ ನನ್ನ ಕೈಯಿಂದಲೇ ಮಾಡಿಸಿದ, ಪಕ್ಕದಲ್ಲಿ ನಿಂತು ಕಲಿಸಿದ. ಸ್ಮೋಕೋದಲ್ಲಿ ನನ್ನ ಡಬ್ಬಿಗೆ ಕೈ ಹಾಕಲು ಮಾತ್ರ ಆತನಿಗೆ ಐದಾರು ತಿಂಗಳು ಹಿಡಿಯಿತು. ಆ ದಿನ ನಾನು ಹಿಂದೆ ಹೋಗಿ ಅತ್ತು ಬಂದೆ.

ಆಮೇಲೆ ನಡೆದದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಎರಡು ಮೂರು ವರ್ಷಗಳಲ್ಲಿ ಗಾಳಿ ತಿರುಗಿತು. ಪ್ಲಾಂಕ್ ಎಂದು ನಕ್ಕವರೇ ಹಡಗುಗಟ್ಟಲೆ ಆಸ್ಟ್ರೇಲಿಯಾದ ವೈನು ತರಿಸಿಕೊಳ್ಳತೊಡಗಿದರು. ಅದರಲ್ಲೂ ಹಳೆಯ ಬಳ್ಳಿಯದು ಬೇಕು, ಅಜ್ಜನ ಕಾಲದ್ದು ಬೇಕು ಎಂದು ಕಾಗದದ ಮೇಲೆ ಕಾಗದ. ಬಳ್ಳಿ ಕಿತ್ತವರು ತಲೆಯ ಮೇಲೆ ಕೈಹೊತ್ತು ಕೂತರು. ಈಗ ನಮ್ಮ ಅಂಗಳಕ್ಕೆ ಲಂಡನ್ನಿನವರು ಬಸ್ಸು ಮಾಡಿಕೊಂಡು ಬರುತ್ತಾರೆ. ಹೆಲ್ಮಟ್ ಅವರಿಗೆ ಗುಡ್ಡದ ಹೊಲ, ಚರ್ಚಿನ ಹೊಲ ತೋರಿಸುತ್ತಾನೆ. ನಮ್ಮ ಮನೆಯ ಹಿಂದಿನ ಬಯಲನ್ನು ನೋಡಿ ಇದೇನು ಖಾಲಿ ಎಂದು ಯಾರಾದರೂ ಕೇಳಿದರೆ, ಇಲ್ಲೂ ಬಳ್ಳಿ ಇತ್ತು ಎನ್ನುತ್ತಾನೆ. ಅಷ್ಟೇ ಅನ್ನುತ್ತಾನೆ. ನನ್ನ ಕಡೆ ನೋಡುವುದಿಲ್ಲ. ನಾನು ಸೀಸೆ ಒರೆಸುತ್ತಿರುತ್ತೇನೆ.

ಕಳೆದ ಬೇಸಿಗೆಗೆ ಊರಿಗೆ ಹೋಗಿದ್ದೆ. ಸೋಲಾಪುರ ದಾಟಿದ ಮೇಲೆ ಗಾಡಿಯ ಕಿಟಕಿಯಲ್ಲಿ ಕಣ್ಣಿಟ್ಟವಳು ವಾಡಿಯ ಚಿಮಣಿ ಕಾಣುವ ಮೊದಲೇ, ಶಹಾಬಾದಿನಲ್ಲಿ ಚೀಲ ಹಿಡಿದು ಇಳಿದೆ. ಮನೆಗೆ ಹೋಗಿ ಚಪ್ಪಲಿ ಬಿಟ್ಟು ಫರಸಿಯ ಮೇಲೆ ಕಾಲಿಟ್ಟಾಗ ಮೈಯೆಲ್ಲ ತಂಪಾಯಿತು. ಒಂದು ವಾರ ಹಾಯಾಗಿದ್ದೆ. ಎರಡನೆಯ ವಾರ ಬೆಳಿಗ್ಗೆ ಎದ್ದ ಕೂಡಲೇ ಕಿಟಕಿಗೆ ಹೋಗಿ ಬಳ್ಳಿ ಹುಡುಕುತ್ತಿದ್ದೆ. ಅವ್ವ ಕೇಳಿದಳು, ಯಾರರೆ ಬರೋರದಾರೇನು ಅಂತ.

ಹೊರಡುವ ಹಿಂದಿನ ದಿನ ಅಪ್ಪನ ಹಿಂದೆ ಕಲ್ಲಿನ ಅಂಗಳಕ್ಕೆ ಹೋದೆ. ಆತ ಈಗ ಕೆಲಸಕ್ಕೆ ಇಳಿಯುವುದು ಕಡಿಮೆ, ಆದರೂ ಬೇರೆಯವರು ಫರಸಿ ಕೊಯ್ಯುವುದನ್ನು ನೋಡದಿದ್ದರೆ ಊಟ ಸೇರದು. ಇಬ್ಬರೂ ಒಟ್ಟಿದ ಕಲ್ಲುಗಳ ನೆರಳಿನಲ್ಲಿ ಕೂತೆವು. ಹೋಟೆಲಿನ ಚಹಾ ಬಂತು. ಅದೇನು ಧೈರ್ಯ ಬಂತೋ, ಎಲ್ಲ ಹೇಳಿಬಿಟ್ಟೆ. ಹಣ್ಣಿನ ರಸವಲ್ಲ ಎಂಬುದನ್ನು ಹೇಳಿದೆ. ಬಿರುಕು, ಗಿಲಾವು, ಥಾಪಿಯ ಹೊಳಪು, ಬಾಯಿ ಕಟ್ಟಿ ಕೂತ ಎರಡು ದಿನ, ಸರಪಳಿ ಕಟ್ಟಿದ ಟ್ರ್ಯಾಕ್ಟರು, ಎಲ್ಲವನ್ನೂ. ಹೇಳುತ್ತ ಹೇಳುತ್ತ ಅಳು ತಡೆಯಲಿಲ್ಲ. ನಿನ್ನ ಕೆಲಸವನ್ನು ಅಲ್ಲಿ ಒಯ್ದು ಹೀಗೆ ಮಾಡಿದೆನೆಂದು ಸೆರಗು ಬಾಯಿಗಿಟ್ಟುಕೊಂಡು ಅತ್ತೆ.

ಅಪ್ಪ ಬಸಿಯನ್ನು ಕಲ್ಲಿನ ಮೇಲಿಟ್ಟ. ಶೆರೆಯ ಮಾತು ಎತ್ತಲಿಲ್ಲ. ಬಸಿಯಲ್ಲಿದ್ದ ಚಹಾ ಆರಿಹೋಗಿತ್ತು.

"ಶಾಂತಿ," ಎಂದ. ಮನೆಯಲ್ಲಿ ನಾನು ಶಾಂತಿ. "ಹೌಜು ಸೋರಿತೇನು?"

"ಇಲ್ಲಪ್ಪ."

"ಒಂದ್ ಹನಿ?"

"ಒಂದ್ ಹನಿ ಸುದ್ದಾ ಇಲ್ಲ."

"ಮತ್ಯಾಕ ಅಳ್ಳಿಕತ್ತಿ?" ಎಂದ ಅಪ್ಪ. ಅಂಗಳದ ಆ ಕಡೆ ಕಲ್ಲು ಕೊಯ್ಯುತ್ತಿದ್ದವರ ಕಡೆ ತಿರುಗಿ, ನಮ್ಮ ಶಾಂತಿ ಕಟ್ಟಿದ ಹೌಜು ಆಸ್ಟ್ರೇಲಿಯಾದಾಗ ಸುದ್ದಾ ಸೋರಿಲ್ಲ ನೋಡ್ರಿ ಎಂದು ಕೂಗಿ ಹೇಳಿದ. ಅವರು ಕೆಲಸ ನಿಲ್ಲಿಸಿ ನನ್ನ ಕಡೆ ನೋಡಿ ನಕ್ಕರು. ಆತನ ಮುಖದಲ್ಲಿ ಅಷ್ಟು ಹಿಗ್ಗನ್ನು ನನ್ನ ಮದುವೆಯಲ್ಲೂ ನಾನು ಕಂಡಿರಲಿಲ್ಲ. ನಾನು ಕಣ್ಣು ಒರೆಸಿಕೊಂಡು, ಹೌದು, ಸೋರಿಲ್ಲ ಎಂದೆ.

ತಿರುಗಿ ಇಲ್ಲಿಗೆ ಬಂದು ಎಂಟು ತಿಂಗಳಾಯಿತು. ತೊಟ್ಟಿಯ ವಿಷಯ ನಿಮ್ಮಪ್ಪನಿಗೆ ಹೇಳಿದೆಯಾ, ಏನೆಂದರು ಎಂದು ಹೆಲ್ಮಟ್ ಒಮ್ಮೆ ಕೇಳಿದ. ಅಪ್ಪ ಹಿಗ್ಗಿ ಕೂಗಿದ್ದು ಕಿವಿಯಲ್ಲಿತ್ತು, ಕಣ್ಣೆದುರು ಹಿತ್ತಲ ಹೊಲದ ಖಾಲಿ ಬಯಲಿತ್ತು. ಇನ್ನೂ ಹೇಳಿಲ್ಲ ಎಂದೆ.